ಪೋಕರ್‌ನಲ್ಲಿ ಕೌಶಲವಿದೆ, ತೊಡಕು ಇರುವುದೂ ಅಲ್ಲೇ

ಇಸ್ಪೀಟಿನ ಆಟವೊಂದು ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಡಿದೆ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಮಾನಿಸಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಪೋಕರ್ ಅನ್ನು ಕೌಶಲದ ಆಟವಾಗಿ ಆಡುವುದಾದರೆ ಅದಕ್ಕೆ ಪರವಾನಗಿ ಅಗತ್ಯವಿಲ್ಲ ಎಂದಿತು. ನಾಲ್ಕು ವರ್ಷಗಳ ನಂತರ ಗುಜರಾತ್ ಹೈಕೋರ್ಟ್ ಅದೇ ಪೋಕರ್ ಅನ್ನು ಜೂಜಿನ ಸಾಲಿಗೆ ಸೇರಿಸಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆಟಗಳನ್ನು ಕೌಶಲವಿರಲಿ ಇಲ್ಲದಿರಲಿ ನಿಷೇಧಿಸಹೊರಟಿತು. ಕುದುರೆ ಪಂದ್ಯದ ಬಾಜಿಯನ್ನು ಮಾತ್ರ ಜಾಣತನದಿಂದ ಹೊರಗಿಟ್ಟಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗೆ ಸರಿಸಿ, ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅದರ ವಿರುದ್ಧ ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟುಗಳಲ್ಲಿ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಮರು ತಿಂಗಳೇ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಇಷ್ಟೆಲ್ಲ ವಾದಗಳು ನಡೆದರೂ ಪೋಕರ್ ಮೇಜಿನ ಸುತ್ತ ನಿಜಕ್ಕೂ ನಡೆಯುವುದೇನು ಎಂಬ ವಿವರಣೆ ಸಾರ್ವಜನಿಕ ಚರ್ಚೆಯಲ್ಲಿ ಕಾಣಸಿಗುವುದು ಅಪರೂಪ. ಆಟದ ಪರವಾಗಿರುವವರು 'ಕೌಶಲ' ಎಂಬ ಪದವನ್ನು ಪ್ರಮಾಣಪತ್ರದಂತೆ ಹಿಡಿದು ತೋರಿಸುತ್ತಾರೆ. ವಿರೋಧಿಗಳು, ಎಲೆ ಕಲೆಸಿ ಹಂಚಿದ ಮೇಲೆ ಕೌಶಲಕ್ಕೆ ಜಾಗವೆಲ್ಲಿ ಎಂದು ಕೇಳುತ್ತಾರೆ. ನಾನು ಪೋಕರ್ ಪಟುವಲ್ಲ. ಅರ್ಥಶಾಸ್ತ್ರ ಓದಿದವನಿಗೆ ಸಹಜವಾದ ಕುತೂಹಲದಿಂದ ಈ ಆಟದ ಬಗೆಗಿನ ಬರಹಗಳನ್ನು ನಿವೃತ್ತಿಯ ಬಿಡುವಿನಲ್ಲಿ ಓದಿದ್ದೇನೆ. ಓದಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಪೋಕರ್‌ನಲ್ಲಿ ಕೌಶಲವಿದೆ, ಅದೂ ಅಪಾರವಾಗಿ. ಆದರೆ ಆ ಕೌಶಲ ಯಾವ ಬಗೆಯದು, ಅದರ ಫಲ ಯಾರಿಂದ ಯಾರಿಗೆ ಹರಿಯುತ್ತದೆ ಎಂಬುದನ್ನು ಅರಿತವರು ಅದನ್ನೇ ಆಟದ ಸಮರ್ಥನೆಯಾಗಿ ಮುಂದಿಡಲು ಹಿಂಜರಿಯಬೇಕಾಗುತ್ತದೆ.

ಮೊದಲು ಆಟದ ಸ್ವರೂಪ. ಇಂದು ಹೆಚ್ಚಾಗಿ ಆಡುವುದು ಅಮೆರಿಕದ ಟೆಕ್ಸಸ್ ಪ್ರಾಂತ್ಯದಿಂದ ಬಂದ 'ಹೋಲ್ಡೆಮ್' ಎಂಬ ಬಗೆಯನ್ನು. ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ: ಮೊದಲು ಒಟ್ಟಿಗೆ ಮೂರು, ಅದಕ್ಕೆ ಫ್ಲಾಪ್ ಎಂದು ಹೆಸರು, ಅನಂತರ ಒಂದು, ಮತ್ತೆ ಒಂದು. ಏಳು ಎಲೆಗಳಿಂದ ಅತ್ಯುತ್ತಮವಾದ ಐದನ್ನು ಜೋಡಿಸಿದವನು ಗೆದ್ದಂತೆ. ಎಲೆಗಳು ತೆರೆಯುವ ಮೊದಲು ಮತ್ತು ಪ್ರತಿ ಹಂತದ ನಂತರ, ಹೀಗೆ ನಾಲ್ಕು ಸುತ್ತು ಪಣ ಕಟ್ಟುವ ಅವಕಾಶವಿರುತ್ತದೆ. 'ನೋ ಲಿಮಿಟ್' ಎಂದರೆ ಯಾವ ಸುತ್ತಿನಲ್ಲಾದರೂ ತನ್ನ ಮುಂದಿರುವ ಹಣವನ್ನೆಲ್ಲ ಒಮ್ಮೆಗೇ ಮುಂದೂಡಬಹುದು. ಎದುರಿನವರೆಲ್ಲ ಎಲೆ ಎಸೆದು ಹಿಂದೆ ಸರಿದರೆ ಉಳಿದವನು ತನ್ನ ಎಲೆಗಳನ್ನು ತೋರಿಸದೆಯೇ ನಡುವಿನ ಹಣವನ್ನು ಬಾಚಿಕೊಳ್ಳುತ್ತಾನೆ.

ಎಲೆ ತೋರಿಸದೆ ಗೆಲ್ಲಬಹುದು ಎಂಬ ಈ ಒಂದು ನಿಯಮದಲ್ಲಿ ಪೋಕರ್‌ನ ಸ್ವಭಾವವೆಲ್ಲ ಅಡಗಿದೆ. ರಮ್ಮಿಯಲ್ಲಿ ನಮ್ಮ ಜೋಡಣೆ ಪೂರ್ಣವಾಗದೆ ಗೆಲುವಿಲ್ಲ. ಪೋಕರ್‌ನಲ್ಲಿ ಎದುರಾಳಿಯು ತಾನು ಸೋತಿದ್ದೇನೆಂದು ನಂಬಿದರೆ ಸಾಕು. ಆದ್ದರಿಂದ ಅವನ ಕೈಯಲ್ಲಿ ಏನಿರಬಹುದು, ನಮ್ಮ ಕೈಯಲ್ಲಿ ಏನಿದೆಯೆಂದು ಅವನು ಎಣಿಸುತ್ತಿರಬಹುದು ಎಂಬ ಅಂದಾಜೇ ಆಟದ ಜೀವಾಳ.

ಈ ಅಂದಾಜಿನಲ್ಲಿ ಹೊಸಬನಿಗೂ ಪಳಗಿದವನಿಗೂ ಅಜಗಜಾಂತರ. ಹೊಸಬ ಎದುರಾಳಿಯ ಮುಖ ನೋಡಿ 'ಇವನ ಬಳಿ ಎರಡು ರಾಜ ಇದೆ' ಎಂದು ಒಂದು ನಿರ್ದಿಷ್ಟ ಜೋಡಿಯನ್ನು ಹಿಡಿದುಕೊಳ್ಳುತ್ತಾನೆ. ಪಳಗಿದವನು ಕೇಳುವ ಪ್ರಶ್ನೆ ಬೇರೆ: ಈ ಸ್ಥಾನದಲ್ಲಿ ಕುಳಿತು ಇಷ್ಟು ಹಣ ಏರಿಸಿದವನ ಬಳಿ ಯಾವ ಯಾವ ಜೋಡಿಗಳು ಇರಬಹುದು, ಒಂದೊಂದೂ ಎಷ್ಟು ಬಾರಿ? ಈ ಸಾಧ್ಯತೆಗಳ ಸಮೂಹವನ್ನು ಆಟದ ಪರಿಭಾಷೆಯಲ್ಲಿ 'ರೇಂಜ್' ಎನ್ನುತ್ತಾರೆ; ವ್ಯಾಪ್ತಿ ಎನ್ನಲಡ್ಡಿಯಿಲ್ಲ. ಆಟ ಮುಂದುವರಿದಂತೆ ಪ್ರತಿ ಎಲೆಯೂ ಪ್ರತಿ ಪಣವೂ ಆ ವ್ಯಾಪ್ತಿಯಿಂದ ಕೆಲವನ್ನು ಅಳಿಸುತ್ತಾ ಹೋಗುತ್ತದೆ.

ಲೆಕ್ಕ ಕಷ್ಟದ್ದಲ್ಲ. 52 ಎಲೆಗಳಿಂದ ಎರಡನ್ನು ಆಯುವ ವಿಧಾನಗಳು 1,326. ಎರಡು ರಾಜರ ಜೋಡಿ ಬರಬಹುದಾದ ವಿಧಗಳು 6. ಎಕ್ಕ ಮತ್ತು ರಾಜ ಬರಬಹುದಾದ ವಿಧಗಳು 16. ಮೇಲುನೋಟಕ್ಕೆ ಎರಡೂ 'ಒಳ್ಳೆಯ ಎಲೆ'ಗಳೇ, ಆದರೆ ಎರಡನೆಯದು ಮೊದಲನೆಯದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸಲ ಎದುರಾಗುತ್ತದೆ. ಇದನ್ನು ಎಣಿಸದವನು ಆಡುತ್ತಿರುವುದು ಬೇರೆಯದೇ ಆಟ.

ಒಂದು ಉದಾಹರಣೆ ನೋಡೋಣ. ಎಚ್ಚರದಿಂದ ಆಡುವವನೊಬ್ಬ ಆರಂಭದಲ್ಲೇ ಪಣ ಏರಿಸಿದ್ದಾನೆ. ಅವನು ಹಾಗೆ ಮಾಡುವುದು ಹತ್ತರಿಂದ ಎಕ್ಕದವರೆಗಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ ಇದ್ದಾಗ ಮಾತ್ರ ಎಂದಿಟ್ಟುಕೊಳ್ಳಿ. ಐದು ಜೋಡಿಗಳಿಂದ 30, ಉಳಿದ ಎರಡರಿಂದ 32, ಒಟ್ಟು 62 ಸಾಧ್ಯತೆಗಳು. ಅವುಗಳಲ್ಲಿ 38ರಲ್ಲಿ ಎಕ್ಕವಿದೆ. ನಮ್ಮ ಕೈಯಲ್ಲಿ ಎಕ್ಕ ಮತ್ತು ಒಂಬತ್ತು. ಫ್ಲಾಪ್‌ನಲ್ಲಿ ಎಕ್ಕ, ಏಳು, ಎರಡು ಬಿದ್ದಿವೆ. ಈಗ ಎರಡು ಎಕ್ಕಗಳು ನಮ್ಮ ಕಣ್ಣ ಮುಂದಿರುವುದರಿಂದ ಅವನ ಬಳಿ ಎಕ್ಕವಿರುವ ಸಾಧ್ಯತೆಗಳು 38ರಿಂದ 17ಕ್ಕೆ ಕುಸಿಯುತ್ತವೆ: ಎರಡೆಕ್ಕ 1, ಎಕ್ಕ-ರಾಜ 8, ಎಕ್ಕ-ರಾಣಿ 8. ಎಕ್ಕವಿಲ್ಲದ ಜೋಡಿಗಳು ಮೊದಲಿನಂತೆಯೇ 24. ಅಂದರೆ ಅವನಲ್ಲಿ ಎಕ್ಕವಿರುವ ಸಂಭವ ಶೇ 61ರಿಂದ ಶೇ 41ಕ್ಕೆ ಇಳಿಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಕದಲಿಲ್ಲ. ಕದಲಿದ್ದು ನಮ್ಮ ಎಣಿಕೆ.

ಈಗ ಅವನು ನಡುವಿನ 100 ರೂಪಾಯಿಗೆ ಎದುರಾಗಿ 50 ರೂಪಾಯಿ ಕಟ್ಟುತ್ತಾನೆ. ಎಕ್ಕವಿರುವ 17ರಲ್ಲೂ ಕಟ್ಟುತ್ತಾನೆ, ಉಳಿದ 24ರಲ್ಲಿ ಅರ್ಧದಷ್ಟು ಸಲ ಮಾತ್ರ ಎಂದುಕೊಂಡರೆ, 29ರಲ್ಲಿ 12 ಬಾರಿ ನಾವು ಮುಂದಿದ್ದೇವೆ, ಶೇ 41. ನಾವು 50 ಕೊಟ್ಟು 150 ಗೆಲ್ಲಬಹುದಾದ್ದರಿಂದ ನಾಲ್ಕರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಮುಂದಿನ ಎರಡು ಎಲೆಗಳೂ ಮುಂದಿನ ಪಣಗಳೂ ಈ ಗಣಿತವನ್ನು ಸಾಕಷ್ಟು ಗೋಜಲಾಗಿಸುತ್ತವೆ ಸರಿ. ಆದರೂ ಈ ಕ್ಷಣಕ್ಕೆ ಎಲೆ ಎಸೆಯುವುದು ತಪ್ಪು. 'ಅವನು ಪಣ ಏರಿಸಿದ್ದಾನೆ, ದೊಡ್ಡ ಎಕ್ಕವೇ ಇರಬೇಕು' ಎಂದು ಹೆದರಿದವನು ಇಲ್ಲಿ ಹಣ ಬಿಟ್ಟುಕೊಡುತ್ತಾನೆ.

ಇದು ಪಾಶ್ಚಾತ್ಯರ ಹೊಸ ಶೋಧವೇನಲ್ಲ ಎಂದು ನಮ್ಮ ಓದುಗರಿಗೆ ನೆನಪಿಸಬೇಕು. ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜ ರಥದಲ್ಲಿ ಸಾಗುತ್ತಲೇ ಮರವೊಂದರ ಎರಡು ರೆಂಬೆಗಳ ಎಲೆ-ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ಬಾಹುಕನ ವೇಷದಲ್ಲಿದ್ದ ನಳ ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಆ ಎಣಿಕೆಯ ವಿದ್ಯೆಯ ಜೊತೆಗೇ ಅಕ್ಷಹೃದಯವನ್ನೂ, ಅಂದರೆ ದಾಳದ ಮರ್ಮವನ್ನೂ ಕಲಿಯುತ್ತಾನೆ. ಅನಂತರವೇ ಪುಷ್ಕರನನ್ನು ಮತ್ತೆ ಜೂಜಿಗೆ ಕರೆದು ಕಳೆದುಕೊಂಡ ರಾಜ್ಯವನ್ನು ಹಿಂಪಡೆಯುತ್ತಾನೆ. ಅಂದಾಜಿಗೂ ಜೂಜಿಗೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ಕಂಡ ಪ್ರಾಚೀನ ಕಥೆ ಬೇರೆಡೆ ದುರ್ಲಭ. ಕಥೆಯ ಇನ್ನೊಂದು ಮುಖವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ: ಎರಡನೆಯ ಆಟಕ್ಕೆ ಕುಳಿತಾಗ ನಳನಿಗೆ ವಿದ್ಯೆ ಬಂದಿದೆಯೆಂದು ಪುಷ್ಕರನಿಗೆ ತಿಳಿದಿರಲಿಲ್ಲ.

ವ್ಯಾಪ್ತಿಯ ಅಂದಾಜು ಒಂದು ಕಣ್ಣಾದರೆ ಇನ್ನೊಂದು ಕಣ್ಣು 'ಕಂಟಿನ್ಯುಯೇಷನ್ ಬೆಟ್'. ಮುಂದುವರಿಕೆಯ ಪಣ ಎಂದು ಕರೆಯೋಣ. ಫ್ಲಾಪ್‌ಗೆ ಮೊದಲು ಪಣ ಏರಿಸಿದವನು ತನ್ನ ಬಳಿ ಬಲವಾದ ಎಲೆಗಳಿವೆ ಎಂದು ಸಾರಿದಂತಾಯಿತು. ಫ್ಲಾಪ್ ತೆರೆದ ಮೇಲೂ ಅವನು ಅದೇ ಮಾತನ್ನು ಮುಂದುವರಿಸಿ ಮತ್ತೆ ಪಣ ಕಟ್ಟುತ್ತಾನೆ, ಫ್ಲಾಪ್ ಅವನಿಗೆ ನೆರವಾಗಿರಲಿ ಇಲ್ಲದಿರಲಿ. ಇದರ ಹಿಂದಿನ ಅಂಕಗಣಿತ ಸರಳ. ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಒಂದಾದರೂ ಜೋಡಿ ಕೂಡುವುದು ನೂರರಲ್ಲಿ ಸುಮಾರು 32 ಬಾರಿ. ಉಳಿದ 68 ಬಾರಿ ಅವನ ಕೈ ಬರಿದು. ಎದುರಾಳಿಯದೂ ಬಹುಪಾಲು ಅದೇ ಪಾಡು. ಇಬ್ಬರಿಗೂ ಏನೂ ಸಿಗದಾಗ ಮೊದಲು ದನಿ ಎತ್ತಿದವನಿಗೆ ಹಣ.

ನಡುವಿನ ಹಣದ ಅರ್ಧದಷ್ಟು ಪಣ ಕಟ್ಟಿದರೆ, ಮೂರರಲ್ಲಿ ಒಂದು ಸಲ ಎದುರಾಳಿ ಹಿಂದೆ ಸರಿದರೂ ಅಸಲು ಗಿಟ್ಟುತ್ತದೆ. ಮೂರನೇ ಒಂದು ಭಾಗ ಕಟ್ಟಿದರೆ ನಾಲ್ಕರಲ್ಲಿ ಒಂದು ಸಲ ಸಾಕು. ಫ್ಲಾಪ್ ಸಿಗದಾಗಲೆಲ್ಲ ಎಲೆ ಎಸೆಯುವ ಸಾಧು ಆಟಗಾರ ಮೂರರಲ್ಲಿ ಎರಡು ಸಲದ ಹತ್ತಿರ ಎಸೆಯುತ್ತಾನೆ. ಅಂಥವನ ಎದುರು ಯಾವ ಎಲೆಗಳನ್ನಾದರೂ ಹಿಡಿದು, ಅಥವಾ ನೋಡದೆಯೇ, ಈ ಪಣವನ್ನು ಕಟ್ಟುತ್ತ ಹೋದರೂ ಲಾಭ. ನೋಡದ ಎಲೆಗಳಿಂದ ಖಚಿತ ಲಾಭ ಬರುವ ಕಡೆ ಅದೃಷ್ಟದ ಪಾತ್ರ ಎಷ್ಟು ಎಂಬುದನ್ನು ಓದುಗರೇ ಊಹಿಸಲಿ.

2003ರಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, 86 ಡಾಲರ್ ಶುಲ್ಕದ ಆನ್‌ಲೈನ್ ಅರ್ಹತಾ ಸುತ್ತಿನಿಂದ ಮೇಲೇರಿ ಲಾಸ್ ವೇಗಸ್‌ನ ವಿಶ್ವ ಸರಣಿಯ ಮುಖ್ಯ ಸ್ಪರ್ಧೆ ಗೆದ್ದು 25 ಲಕ್ಷ ಡಾಲರ್ ಪಡೆದ. ಆ ಸುದ್ದಿ ಲಕ್ಷಾಂತರ ಹೊಸಬರನ್ನು ಮೇಜಿಗೆಳೆಯಿತು. ಮರುವರ್ಷ, 1995ರಲ್ಲಿ ಅದೇ ಸ್ಪರ್ಧೆ ಗೆದ್ದಿದ್ದ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕದ ಮೊದಲ ಸಂಪುಟದಲ್ಲಿ ಮುಂದುವರಿಕೆಯ ಪಣವನ್ನು ವಿವರಿಸಿ ಆ ಪದವನ್ನು ಮನೆಮಾತಾಗಿಸಿದ. ಪುಸ್ತಕ ಓದಿದವರು ಫ್ಲಾಪ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಪಣ ಕಟ್ಟತೊಡಗಿದರು. ಓದದವರು ಎಲೆ ಎಸೆಯುತ್ತ ಹೋದರು. ಒಂದು ಕಾಲಘಟ್ಟದ ಸಂಪತ್ತಿನ ವರ್ಗಾವಣೆ ಹೀಗೆ ನಡೆಯಿತು.

ಮಾರುಕಟ್ಟೆಯ ನಿಯಮದಂತೆ ಸುಲಭದ ಲಾಭ ಬಹುಕಾಲ ಉಳಿಯಲಿಲ್ಲ. ಎಲ್ಲರೂ ಎಲ್ಲ ಫ್ಲಾಪ್‌ಗಳಲ್ಲೂ ಪಣ ಕಟ್ಟುತ್ತಾರೆಂದ ಮೇಲೆ ಆ ಪಣಕ್ಕೆ ಅರ್ಥವೆಲ್ಲಿ? ಎದುರಾಳಿಗಳು ಖಾಲಿ ಕೈಯಲ್ಲೂ ಒಂದು ಸುತ್ತು ಹಣ ಕೊಟ್ಟು ಕಾಯತೊಡಗಿದರು, ಮುಂದಿನ ಎಲೆಗೆ ಅವನು ಸುಮ್ಮನಾದರೆ ತಾವು ಪಣ ಕಟ್ಟಿ ಎತ್ತಿಕೊಳ್ಳತೊಡಗಿದರು. ಆಗ ಪ್ರಶ್ನೆ ಸೂಕ್ಷ್ಮವಾಯಿತು: ಯಾವ ಫ್ಲಾಪ್ ಯಾರ ವ್ಯಾಪ್ತಿಗೆ ಒಲಿಯುತ್ತದೆ? ಬೇರೆ ಬೇರೆ ಬಣ್ಣದ ಎಕ್ಕ, ಏಳು, ಎರಡು ಬಿದ್ದರೆ ಏರಿಸಿದವನಿಗೆ ಅನುಕೂಲ. ಅವನ ಬಳಿ ದೊಡ್ಡ ಎಕ್ಕಗಳೆಲ್ಲ ಇರಬಹುದು. ಎದುರಾಳಿಯ ಬಳಿ ಎರಡೆಕ್ಕವೋ ಎಕ್ಕ-ರಾಜವೋ ಇದ್ದಿದ್ದರೆ ಫ್ಲಾಪ್‌ಗೆ ಮೊದಲೇ ಪಣವನ್ನು ಮತ್ತೆ ಏರಿಸುತ್ತಿದ್ದ. ಏರಿಸಲಿಲ್ಲ, ಆದ್ದರಿಂದ ಬಹುತೇಕ ಇಲ್ಲ. ಅದೇ ಒಂಬತ್ತು, ಎಂಟು, ಏಳು ಬಿದ್ದರೆ ಪರಿಸ್ಥಿತಿ ತಿರುಗುಮುರುಗು. ಸಣ್ಣ ಜೋಡಿಗಳು, ಹತ್ತು-ಗುಲಾಮದಂತಹ ಒತ್ತಿನ ಎಲೆಗಳು ಹಿಡಿದು ಸುಮ್ಮನೆ ಹಿಂಬಾಲಿಸಿದವನಿಗೆ ಅದು ವರ. ಇಂದಿನ ಗಣಕ ವಿಶ್ಲೇಷಣೆಗಳು ಹೇಳುವುದೂ ಇದನ್ನೇ: ಮೊದಲ ಬಗೆಯ ಫ್ಲಾಪ್‌ನಲ್ಲಿ ಸಣ್ಣ ಮೊತ್ತದ ಪಣವನ್ನು ಪದೇಪದೇ ಕಟ್ಟು, ಎರಡನೆಯದರಲ್ಲಿ ಬಹಳ ಸಲ ಸುಮ್ಮನಿರು.

ನಾನು ಸೇವೆಯಲ್ಲಿದ್ದಾಗ ಟೆಂಡರ್ ಪರಿಶೀಲನಾ ಸಮಿತಿಗಳಲ್ಲಿ ಕುಳಿತದ್ದುಂಟು. ಬಂದ ದರಪಟ್ಟಿಗಳನ್ನು ಓದುವುದು ಎಲ್ಲರಿಗೂ ಗೊತ್ತು. ಬರಬೇಕಾಗಿದ್ದು ಬಾರದೆ ಉಳಿದ ಗುತ್ತಿಗೆದಾರ ಯಾರು, ಏಕೆ ಬರಲಿಲ್ಲ ಎಂದು ಯೋಚಿಸುವ ಅಧಿಕಾರಿ ಹತ್ತರಲ್ಲಿ ಒಬ್ಬ. ಪೋಕರ್‌ನ ಅನುಭವಿ ಆಟಗಾರ ಸದಾ ಆ ಹತ್ತನೆಯವನ ಹಾಗೆ ಯೋಚಿಸುತ್ತಾನೆ. ಎದುರಾಳಿ ಮಾಡದೆ ಬಿಟ್ಟದ್ದೂ ಅವನಿಗೆ ಸಾಕ್ಷ್ಯವೇ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಖಾಲಿ ಕೈಯಲ್ಲಿ ಪಣ ಕಟ್ಟುವುದು, ಅಂದರೆ ಬ್ಲಫ್, ಧೈರ್ಯಸ್ಥರ ಚೇಷ್ಟೆ ಎಂಬ ಭಾವನೆ ಸಿನಿಮಾಗಳಿಂದ ಬಂದದ್ದು. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ, ನಮ್ಮ ತಲೆಮಾರಿನ ಅರ್ಥಶಾಸ್ತ್ರ ವಿದ್ಯಾರ್ಥಿಗಳು ಹೆಸರು ಕೇಳಿಯೇ ಅಂಜುತ್ತಿದ್ದ ಆಟ-ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ಗೆ ದೀರ್ಘ ಚರ್ಚೆ ಮೀಸಲಾಗಿದೆ. ಒಳ್ಳೆಯ ಎಲೆಯಿದ್ದಾಗ ಮಾತ್ರ ಪಣ ಕಟ್ಟುವವನಿಗೆ ಯಾರೂ ಹಣ ಕೊಡುವುದಿಲ್ಲ. ಆದ್ದರಿಂದ ಕೆಲವು ದುರ್ಬಲ ಎಲೆಗಳಲ್ಲೂ ಕಟ್ಟಲೇಬೇಕು, ಅದಕ್ಕೆ ಒಂದು ನಿರ್ದಿಷ್ಟ ಪ್ರಮಾಣವಿದೆ ಎಂದು ಅವರು ತೋರಿಸಿದರು. ಕೊನೆಯ ಸುತ್ತಿನಲ್ಲಿ ನಡುವಿನ ಹಣದಷ್ಟೇ ಪಣ ಕಟ್ಟುವುದಾದರೆ ಎರಡು ಸಾಚಾ ಪಣಗಳಿಗೆ ಒಂದು ಸುಳ್ಳು. ಅರ್ಧದಷ್ಟು ಕಟ್ಟುವುದಾದರೆ ಮೂರಕ್ಕೆ ಒಂದು. ಹೆಚ್ಚಾದರೆ ಸಿಕ್ಕಿಬೀಳುತ್ತೀರಿ, ಕಡಿಮೆಯಾದರೆ ಯಾರೂ ನಿಮ್ಮನ್ನು ಕೆಣಕುವುದಿಲ್ಲ. ಶುದ್ಧ ಲೆಕ್ಕಾಚಾರ.

ಹಾಗಾದರೆ ಅದೃಷ್ಟಕ್ಕೆ ಪಾಲೇ ಇಲ್ಲವೇ? ಇದೆ, ಮತ್ತು ಅದು ಕಾಲಾವಧಿಯನ್ನು ಅವಲಂಬಿಸಿದೆ. ಪೋಕರ್‌ನಲ್ಲಿ ಲಾಭ-ನಷ್ಟವನ್ನು ಪ್ರತಿ ಕೈಯಲ್ಲೂ ಕಡ್ಡಾಯವಾಗಿ ಕಟ್ಟಬೇಕಾದ 'ಬಿಗ್ ಬ್ಲೈಂಡ್' ಎಂಬ ಮೂಲ ಪಣದಿಂದ ಅಳೆಯುತ್ತಾರೆ. ನೂರು ಕೈಗಳಿಗೆ ಐದು ಮೂಲ ಪಣದಷ್ಟು ಸರಾಸರಿ ಲಾಭ ಗಳಿಸುವವನು ಒಳ್ಳೆಯ ಆಟಗಾರ. ಆದರೆ ಅದೇ ನೂರು ಕೈಗಳಲ್ಲಿ ಅವನ ಏರಿಳಿತದ ಅಳತೆ, ಸಂಖ್ಯಾಶಾಸ್ತ್ರಜ್ಞರು ಪ್ರಮಾಣ ವಿಚಲನೆ ಎನ್ನುವುದು, 80ರಿಂದ 100. 90 ಎಂದು ಹಿಡಿದು ಲೆಕ್ಕ ಹಾಕಿದರೆ, ಹತ್ತು ಸಾವಿರ ಕೈ ಆಡಿದ ಮೇಲೂ ಆ ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಂಭವ ಶೇ 29ರಷ್ಟು. ಲಕ್ಷ ಕೈಗಳ ನಂತರ ಅದು ಶೇ 4ಕ್ಕೆ ಇಳಿಯುತ್ತದೆ. ಗಂಟೆಗೆ 30 ಕೈಗಳಂತೆ ನಡೆಯುವ ಕ್ಲಬ್ಬಿನ ಆಟದಲ್ಲಿ ಹತ್ತು ಸಾವಿರ ಕೈ ಎಂದರೆ 330 ಗಂಟೆಗೂ ಹೆಚ್ಚು. ಒಂದು ರಾತ್ರಿಯನ್ನು ನೋಡಿದ ನ್ಯಾಯಾಧೀಶರಿಗೆ ಇದು ಜೂಜು. ಐದು ವರ್ಷಗಳ ದಾಖಲೆ ನೋಡಿದವರಿಗೆ ಕಸುಬು. ಇಬ್ಬರೂ ಸರಿ.

ಅಮೆರಿಕದಲ್ಲೂ ಇದೇ ಆಯಿತು. 2012ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಜ್ಯಾಕ್ ವೈನ್‌ಸ್ಟೀನ್ ಸಂಖ್ಯಾಶಾಸ್ತ್ರದ ಸಾಕ್ಷ್ಯವನ್ನು ವಿವರವಾಗಿ ಪರಿಶೀಲಿಸಿ ಪೋಕರ್‌ನಲ್ಲಿ ಕೌಶಲವೇ ಪ್ರಧಾನ ಎಂದು ತೀರ್ಪಿತ್ತರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೌಶಲದ ಲೆಕ್ಕ ತಪ್ಪೆಂದು ಅಲ್ಲ. ಅಲ್ಲಿನ ಕಾನೂನಿಗೆ ಆ ಪ್ರಶ್ನೆ ಅಗತ್ಯವೇ ಇಲ್ಲ ಎಂದು. ಕೌಶಲದ ಬಗ್ಗೆ ಉಳಿದಿದ್ದ ಅನುಮಾನವನ್ನು ಯಂತ್ರಗಳು ನಿವಾರಿಸಿದವು. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಗಣಕ ಕಾರ್ಯಕ್ರಮ ನಾಲ್ವರು ವೃತ್ತಿಪರರ ಎದುರು ಒಟ್ಟು 1,20,000 ಕೈಗಳನ್ನಾಡಿ ಭಾರಿ ಅಂತರದಿಂದ ಗೆದ್ದಿತು. 2019ರಲ್ಲಿ ಅದರ ಉತ್ತರಾಧಿಕಾರಿ ಪ್ಲೂರಿಬಸ್, ಆರು ಜನರ ಮೇಜಿನಲ್ಲೂ ನುರಿತವರನ್ನು ಸೋಲಿಸಿತು. ಮುಖಚಹರೆಯನ್ನು ಓದಲಾರದ ಯಂತ್ರ ಗೆದ್ದಿತೆಂದರೆ ಈ ಆಟದಲ್ಲಿ ಗೆಲ್ಲುವುದು ವ್ಯಾಪ್ತಿಗಳ ಎಣಿಕೆಯೇ ಎಂಬುದಕ್ಕೆ ಬೇರೆ ರುಜುವಾತು ಬೇಕಿಲ್ಲ.

ಇಲ್ಲಿಯವರೆಗೆ ನಾನು ಆಟದ ವಕೀಲರ ಪರವಾಗಿಯೇ ವಾದಿಸಿದಂತಾಯಿತು. ಆದರೆ ಈ ಕೌಶಲದ ಆದಾಯ ಎಲ್ಲಿಂದ ಬರುತ್ತದೆ? ಚದುರಂಗದ ಕೌಶಲಕ್ಕೆ ಪ್ರಾಯೋಜಕರು ಬಹುಮಾನ ಕೊಡುತ್ತಾರೆ. ಕ್ರಿಕೆಟಿಗೆ ಪ್ರೇಕ್ಷಕರು ಕೊಡುತ್ತಾರೆ. ಪೋಕರ್‌ನಲ್ಲಿ ಗೆದ್ದವನ ಪ್ರತಿ ರೂಪಾಯಿಯೂ ಎದುರು ಕುಳಿತವನ ಜೇಬಿನದು. ಜೊತೆಗೆ ಆಟ ನಡೆಸುವವನು ಪ್ರತಿ ಕೈಯ ನಡುವಿನ ಹಣದಿಂದ ಒಂದು ಮಿತಿಗೊಳಪಟ್ಟು ಸಾಮಾನ್ಯವಾಗಿ ಶೇ 5ರಷ್ಟನ್ನು ತೆಗೆದುಕೊಳ್ಳುತ್ತಾನೆ. ಆರು ಮಂದಿ ತಲಾ 5,000 ರೂಪಾಯಿ ತಂದು ಕುಳಿತರೆ ಮೇಜಿನ ಮೇಲೆ 30,000. ರಾತ್ರಿಯಿಡೀ ಒಟ್ಟು 60,000 ರೂಪಾಯಿಯ ವಹಿವಾಟಾದರೆ 3,000 ಆಚೆ ಹೋಯಿತು. ಆರು ಮಂದಿಯೂ ಸೇರಿ 27,000ದೊಡನೆ ಮನೆಗೆ ಹೋಗುತ್ತಾರೆ. ಶಕುನಿ-ಧರ್ಮರಾಯರ ಆಟದಲ್ಲಿ ಸಭಾಂಗಣದ ಬಾಡಿಗೆಯನ್ನಾದರೂ ಯಾರೂ ಕೇಳಿರಲಿಲ್ಲ. 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಆಟದಲ್ಲಿ ಠೇವಣಿಯ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ವಿಧಿಸಿದಾಗ ಸರ್ಕಾರವೂ ಕುರ್ಚಿ ಎಳೆದುಕೊಂಡು ಮೇಜಿಗೆ ಬಂದು ಕುಳಿತಿತು. ಎರಡು ವರ್ಷ ತುಂಬುವ ಮೊದಲೇ ಅದೇ ಸರ್ಕಾರ ಈ ಆಟ ಸಮಾಜಕ್ಕೆ ಮಾರಕವೆಂದು ಸಂಸತ್ತಿನಲ್ಲಿ ಹೇಳಿತು.

ಹೀಗೆ ಪ್ರತಿ ಹಂತದಲ್ಲೂ ಸೋರುವ ಆಟದಲ್ಲಿ ಯಾರು ಸೋಲುತ್ತಾರೆ ಎಂಬುದು ಅದೃಷ್ಟದ ಮೇಲೆ ನಿಂತಿದ್ದರೆ ಒಂದು ಬಗೆಯ ಸಮಾನತೆಯಾದರೂ ಇರುತ್ತಿತ್ತು. ಲಾಟರಿಯಲ್ಲಿ ಬುದ್ಧಿವಂತನೂ ದಡ್ಡನೂ ಒಂದೇ. ಕೌಶಲ ಹೆಚ್ಚಿದಷ್ಟೂ ಸೋಲು ನಿರ್ದಿಷ್ಟ ವ್ಯಕ್ತಿಗಳಿಗೇ ಕಟ್ಟಿಟ್ಟ ಬುತ್ತಿಯಾಗುತ್ತದೆ. ಆನ್‌ಲೈನ್ ಆಟದಲ್ಲಿ ಇದು ಇನ್ನೂ ತೀವ್ರ. ವೃತ್ತಿಪರನ ಪರದೆಯ ಮೇಲೆ ಎದುರಾಳಿಯ ಹೆಸರಿನ ಪಕ್ಕದಲ್ಲೇ ಅಂಕಿಗಳು ಮೂಡುವ ತಂತ್ರಾಂಶಗಳಿವೆ: ಈತ ಶೇ ಎಷ್ಟು ಕೈಗಳನ್ನು ಆಡುತ್ತಾನೆ, ಮುಂದುವರಿಕೆಯ ಪಣಕ್ಕೆ ಶೇ ಎಷ್ಟು ಸಲ ಎಲೆ ಎಸೆಯುತ್ತಾನೆ. ಕೆಲವು ತಾಣಗಳು ಅವನ್ನು ನಿಷೇಧಿಸಿವೆ, ಕೆಲವು ಬಿಟ್ಟಿವೆ. ಕಚೇರಿ ಮುಗಿಸಿ ಮನೆಗೆ ಬಂದು, ಮೊಬೈಲಿನಲ್ಲಿ ಎರಡು ಸಾವಿರ ರೂಪಾಯಿ ತುಂಬಿ ಆಡಲು ಕುಳಿತ ಯುವಕನಿಗೆ ತನ್ನ ದೌರ್ಬಲ್ಯಗಳನ್ನು ಎರಡು ದಶಮಾಂಶಗಳವರೆಗೆ ಬಲ್ಲ ಅಪರಿಚಿತನೊಬ್ಬ ಎದುರಿದ್ದಾನೆಂಬ ಕಲ್ಪನೆಯೂ ಇರುವುದಿಲ್ಲ. ಪುಷ್ಕರನ ಸ್ಥಿತಿಯೇ ಇದು. ನಳ ಕೊನೆಗೆ ಪುಷ್ಕರನನ್ನು ಕ್ಷಮಿಸಿ ಅವನ ಪಾಲನ್ನು ಕೊಟ್ಟು ಕಳಿಸಿದ. ಆನ್‌ಲೈನ್ ಮೇಜಿನಲ್ಲಿ ಅಂಥ ಏರ್ಪಾಡಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಮಾಹಿತಿಯ ಅಸಮತೆ ಎಂಬ ಹೆಸರಿದೆ. ಅದನ್ನು ವಿವರಿಸಿದ ಅಕರ್ಲಾಫ್, ಸ್ಪೆನ್ಸ್, ಸ್ಟಿಗ್ಲಿಟ್ಸ್ ಅವರಿಗೆ 2001ರಲ್ಲಿ ನೊಬೆಲ್ ಗೌರವವೂ ಸಂದಿತು. ಇಂಥ ಅಸಮತೆ ಕಂಡಲ್ಲಿ ನಿಯಂತ್ರಕರು ಏನು ಮಾಡುತ್ತಾರೆಂಬುದಕ್ಕೆ ನಮ್ಮಲ್ಲೇ ಮಾದರಿಯಿದೆ. ಷೇರು ಮಾರುಕಟ್ಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಕೌಶಲವೋ ಅದೃಷ್ಟವೋ ಎಂದು ಸೆಬಿ ತಲೆಕೆಡಿಸಿಕೊಳ್ಳಲಿಲ್ಲ. ಅದು ಸೋತವರನ್ನು ಎಣಿಸಿತು. 2021-22ರಲ್ಲಿ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 89ರಷ್ಟು ಮಂದಿ ನಷ್ಟ ಅನುಭವಿಸಿದರೆಂದು 2023ರ ಜನವರಿಯಲ್ಲಿ ಪ್ರಕಟಿಸಿತು. ಆ ಎಚ್ಚರಿಕೆಯನ್ನು ಗ್ರಾಹಕನ ಕಣ್ಣಿಗೆ ಬೀಳುವಂತೆ ತೋರಿಸಬೇಕೆಂದು ದಲ್ಲಾಳಿ ಸಂಸ್ಥೆಗಳಿಗೆ ವಿಧಿಸಿತು. 2024ರ ಸೆಪ್ಟೆಂಬರ್‌ನ ಎರಡನೆಯ ಅಧ್ಯಯನದಲ್ಲಿ, ಮೂರು ವರ್ಷಗಳ ಅವಧಿಗೆ, ಆ ಪ್ರಮಾಣ ಶೇ 93 ಮತ್ತು ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ತಿಳಿಸಿತು. ಆ ವಹಿವಾಟಿನಲ್ಲಿ ಕೌಶಲವಿಲ್ಲವೆಂದು ಯಾರೂ ಹೇಳಲಾರರು. ಕೌಶಲ ಇರುವುದರಿಂದಲೇ ಸಣ್ಣವರ ಹಣ ಒಂದೇ ದಿಕ್ಕಿಗೆ ಹರಿಯಿತು.

ಸಂಸತ್ತು 2025ರಲ್ಲಿ ಕೌಶಲದ ಪರೀಕ್ಷೆಯನ್ನು ಕೈಬಿಟ್ಟದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಆದರೆ ಅದರ ಜಾಗದಲ್ಲಿ ಸಾರಾಸಗಟು ನಿಷೇಧ ತಂದದ್ದು ಆಡಳಿತದ ಅನುಭವವಿರುವ ಯಾರಿಗೂ ಸಮಾಧಾನ ತರದು. ದೇಶದೊಳಗಿನ ತಾಣಕ್ಕೆ ಬೀಗ ಹಾಕಿದರೆ ಹೊರದೇಶದ ತಾಣ ಅದೇ ಮೊಬೈಲಿನಲ್ಲಿ ತೆರೆಯುತ್ತದೆ. ಅಲ್ಲಿ ತೆರಿಗೆಯೂ ಇಲ್ಲ, ದೂರಿಗೆ ದಾರಿಯೂ ಇಲ್ಲ, ಎದುರಿನಲ್ಲಿರುವುದು ಮನುಷ್ಯನೋ ಯಂತ್ರವೋ ಎಂದು ಕೇಳುವವರೂ ಇಲ್ಲ. ಮೇಜಿನ ಸುತ್ತ ಮುಖಾಮುಖಿ ಆಡುವ ಕ್ಲಬ್ಬುಗಳ ಪ್ರಶ್ನೆಯಂತೂ ರಾಜ್ಯಗಳ ಹಳೆಯ ಕಾನೂನಿಗೇ ಬಿಟ್ಟದ್ದು, ಅಲ್ಲಿ ಕೌಶಲದ ಹಳೆಯ ಚರ್ಚೆಯೇ ಮುಂದುವರಿಯಲಿದೆ.

1967ರ ತೀರ್ಪನ್ನು ಉಲ್ಲೇಖಿಸುವವರು ಅದರ ಮೊದಲ ಅರ್ಧವನ್ನಷ್ಟೇ ಓದುತ್ತಾರೆ. ರಮ್ಮಿ ಕೌಶಲದ ಆಟವೆಂದ ಅದೇ ತೀರ್ಪಿನಲ್ಲಿ ನ್ಯಾಯಾಲಯ ಇನ್ನೊಂದು ಮಾತನ್ನೂ ಸೇರಿಸಿತ್ತು: ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಗಳಿಸುತ್ತಿರುವುದು ಸಾಬೀತಾದರೆ ಅಪರಾಧ ಸಿದ್ಧವಾಗಬಹುದು. ಆಡುವವನ ಬುದ್ಧಿಯನ್ನು ಅಳೆಯುವುದಕ್ಕಿಂತ ನಡೆಸುವವನ ಗಲ್ಲಾಪೆಟ್ಟಿಗೆಯನ್ನು ನೋಡುವುದು ಸುಲಭವೆಂದು ಆ ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಲಿ, ತಳ್ಳಿಹಾಕಲಿ, ಹಣ ಕಟ್ಟುವ ಪೋಕರ್ ಎಲ್ಲೆಲ್ಲಿ ಉಳಿಯುತ್ತದೋ ಅಲ್ಲೆಲ್ಲ ನಡೆಸುವವರಿಂದ ಮೂರು ಅಂಕಿಗಳನ್ನು ಪ್ರತಿ ತಿಂಗಳು ಪಡೆದು ಪ್ರಕಟಿಸುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಬೇಕು. ಆಡಿದವರಲ್ಲಿ ಶೇ ಎಷ್ಟು ಜನ ಸೋತರು, ಒಟ್ಟು ಗೆಲುವಿನಲ್ಲಿ ಮೇಲಿನ ಶೇ 5ರಷ್ಟು ಆಟಗಾರರ ಪಾಲೆಷ್ಟು, ನಡೆಸುವವರು ತೆಗೆದುಕೊಂಡದ್ದೆಷ್ಟು. ಇವುಗಳ ಲೆಕ್ಕ ಆನ್‌ಲೈನ್ ತಾಣಗಳ ಗಣಕಗಳಲ್ಲಿ ಈಗಾಗಲೇ ಪೈಸೆ ಪೈಸೆಯಷ್ಟು ಕರಾರುವಾಕ್ಕಾಗಿ ಇದೆ. ಕ್ಲಬ್ಬುಗಳಿಗೆ ಒಂದು ದಾಖಲೆ ಪುಸ್ತಕ ಸಾಕು. ಹೊಸಬನೊಬ್ಬ ಮೊದಲ ಬಾರಿ ಹಣ ತುಂಬುವ ಮುನ್ನ ಈ ಮೂರು ಅಂಕಿಗಳು ಕನ್ನಡದಲ್ಲಿ ಅವನ ಮುಂದಿರಬೇಕು.